ಡಿಸ್ಟ್ ಒಂದು ಹೇಳುತ್ತದೆ, ಡೈಮೆನ್ಷನ್ ಇನ್ನೊಂದು: ಕ್ಯಾಡ್ ನಕ್ಷೆಯಲ್ಲಿ ಅಳತೆ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಸಕಲೇಶಪುರದ ಒಂದು ಸಿವಿಲ್ ಎಂಜಿನಿಯರಿಂಗ್ ಕಚೇರಿಯಲ್ಲಿ ಎರಡು ವರ್ಷಗಳಿಂದ ಆಟೊಕ್ಯಾಡ್‌ನಲ್ಲಿ ನಕ್ಷೆ ಬರೆಯುತ್ತಿದ್ದೇನೆ. ಸರ್ವೆಯರ್ ಟೋಟಲ್ ಸ್ಟೇಷನ್‌ನಿಂದ (ದೂರ, ಕೋನ, ಎತ್ತರ ಅಳೆಯುವ ಉಪಕರಣ) ತೆಗೆದುಕೊಟ್ಟ ಫೈಲಿನ ಮೇಲೆ 30×40 ಅಡಿ ನಿವೇಶನದ ಮನೆ ನಕ್ಷೆ ಮಾಡಿದ್ದೇನೆ. ಪೂರ್ವದ ಗಡಿಗೆ ಡೈಮೆನ್ಷನ್ (ನಕ್ಷೆಯ ಮೇಲೆ ಕಾಣುವ ಅಳತೆಯ ಬರಹ) ಹಾಕಿದರೆ 40 ಅಡಿ ಎಂದು ಬರುತ್ತದೆ. ಎರಡು ಬಿಂದುಗಳ ದೂರ ಹೇಳುವ ಡಿಸ್ಟ್ ಆಜ್ಞೆಯಿಂದ ಅಳೆದರೆ ಒಮ್ಮೆ 40 ಅಡಿ, ಇನ್ನೊಮ್ಮೆ 40 ಅಡಿ 1 3/8 ಇಂಚು. ಅದೇ ಗಡಿಯನ್ನು ಪ್ರಿಂಟ್ ಹಾಳೆಯ ಲೇಔಟ್‌ನಲ್ಲಿ ಅಳೆದಾಗ 10 ಅಡಿ 1 15/16 ಇಂಚು ಎಂದಿತು. ಪಕ್ಕದ 30×40 ನಿವೇಶನದ ಹಳೆಯ ನಕ್ಷೆಯ ವಿಸ್ತೀರ್ಣ 1200 ಚದರಡಿ ಇರಬೇಕಿತ್ತು, 1201.58 ಇದೆ. ತಂತ್ರಾಂಶವನ್ನು ಎರಡು ಸಲ ತೆಗೆದುಹಾಕಿ ಮತ್ತೆ ಹಾಕಿದ್ದಾಯಿತು, ಏನೂ ಬದಲಾಗಲಿಲ್ಲ. ಅಳತೆಯ ಉಪಕರಣವನ್ನು ಸರಿಪಡಿಸುವುದು ಹೇಗೆ?

ಉತ್ತರ: ನಿಮ್ಮ ಅಳತೆಯ ಉಪಕರಣ ಕೆಟ್ಟಿಲ್ಲ ಎಂದು ಪತ್ರ ಓದಿದಾಗಲೇ ಅನ್ನಿಸಿತು. ಆದರೂ ನನ್ನ ಮಾತಿನ ಮೇಲೆ ನಂಬಿಕೆಯಿಡಬೇಕಾಗಿಲ್ಲ, ನೀವೇ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಹೊಸದೊಂದು ಖಾಲಿ ಫೈಲ್ ತೆರೆದು, ಯೂನಿಟ್ಸ್‌ನಲ್ಲಿ ಆರ್ಕಿಟೆಕ್ಚರಲ್ ಆರಿಸಿ, ಸೊನ್ನೆ ಬಿಂದುವಿನಿಂದ 30 ಅಡಿಗೆ 40 ಅಡಿಯ ಒಂದು ಆಯತ ಬರೆಯಿರಿ, ಅದರ ಕರ್ಣವನ್ನು ಡಿಸ್ಟ್‌ನಿಂದ ಅಳೆಯಿರಿ. ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಮೂಲೆಮಟ್ಟ ನೋಡಲು ಬಳಸುವ ಮೂರು-ನಾಲ್ಕು-ಐದರ ಲೆಕ್ಕವೇ ಇದು: ಕರ್ಣ 50 ಅಡಿ ಬರಲೇಬೇಕು, ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಬಂದರೆ ಉಪಕರಣ ಸರಿಯಿದೆ, ತೊಂದರೆ ನಕ್ಷೆಯಲ್ಲಿದೆ ಅಥವಾ ಅಳೆಯುವ ರೀತಿಯಲ್ಲಿದೆ ಎಂದರ್ಥ. ಮರುಸ್ಥಾಪನೆಗೆ ಮೊದಲು ಇದನ್ನು ಮಾಡಿದ್ದರೆ ನಿಮಗೆ ಒಂದು ದಿನ ಉಳಿಯುತ್ತಿತ್ತು.

ಡಿಸ್ಟ್ ಮಾಡುವುದು ಬಹಳ ಸಣ್ಣ ಕೆಲಸ. ನೀವು ಕೊಟ್ಟ ಎರಡು ಬಿಂದುಗಳನ್ನು ತೆಗೆದುಕೊಂಡು, ಎಕ್ಸ್, ವೈ, ಝಡ್ ಮೂರೂ ದಿಕ್ಕಿನ ಅಂತರಗಳನ್ನು ವರ್ಗಮಾಡಿ ಕೂಡಿಸಿ, ವರ್ಗಮೂಲ ತೆಗೆದು ಹೇಳುತ್ತದೆ. ಆ ಬಿಂದುಗಳು ನಿಮ್ಮ ಮನಸ್ಸಿನಲ್ಲಿದ್ದ ಬಿಂದುಗಳೇ ಎಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಅಳತೆ ಹೊಂದದಿದ್ದಾಗ ಮೊದಲು ನೋಡಬೇಕಾದದ್ದು ಆಜ್ಞೆಯನ್ನಲ್ಲ, ಅದರ ಕೈಗೆ ನಾವು ಕೊಟ್ಟ ಬಿಂದುಗಳನ್ನು. ಅದಕ್ಕೂ ಮೊದಲು ಒಂದು ಚೀಟಿಯಲ್ಲಿ ಬರಬೇಕಾದ ಅಂಕಿ, ಬಂದ ಅಂಕಿ ಎರಡನ್ನೂ ಬರೆದುಕೊಂಡು, ವ್ಯತ್ಯಾಸದ ಗುಣವನ್ನು ಗಮನಿಸಿ. ಉದ್ದ ಎಷ್ಟೇ ಇರಲಿ, ಎಲ್ಲ ಕಡೆ ಅಷ್ಟೇ ಹೆಚ್ಚುಕಡಿಮೆ ಇದ್ದರೆ ಕಾರಣ ಒಂದು. ಉದ್ದ ಹೆಚ್ಚಿದಂತೆ ವ್ಯತ್ಯಾಸವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿದ್ದರೆ ಇನ್ನೊಂದು. ಕೆಲವು ಗೆರೆಗಳಲ್ಲಿ ಮಾತ್ರ, ಅದೂ ಒಮ್ಮೆ ಬಂದು ಇನ್ನೊಮ್ಮೆ ಬಾರದೆ ಇದ್ದರೆ ಮತ್ತೊಂದು. ನಿಮ್ಮ ಮೊದಲ ದೂರು ಈ ಮೂರನೆಯ ಜಾತಿಯದು.

ನಿಮ್ಮ 40 ಅಡಿ 1 3/8 ಇಂಚನ್ನು ನಾನು ಹೀಗೆ ಬಿಡಿಸಿದೆ. ಸಮತಲದಲ್ಲಿ 40 ಅಡಿ ದೂರವಿರುವ ಎರಡು ಬಿಂದುಗಳ ಎತ್ತರದಲ್ಲಿ 3 ಅಡಿ ವ್ಯತ್ಯಾಸವಿದ್ದರೆ, ಅವುಗಳ ನೇರ ದೂರ 1609ರ ವರ್ಗಮೂಲ, ಎಂದರೆ 40.112 ಅಡಿ. ಅದನ್ನು ಇಂಚಿಗೆ ತಿರುಗಿಸಿದರೆ 40 ಅಡಿ 1 3/8 ಇಂಚೇ ಬರುತ್ತದೆ. ಸಕಲೇಶಪುರದ ಕಡೆ 40 ಅಡಿ ನಿವೇಶನದಲ್ಲಿ 3 ಅಡಿ ಇಳಿಜಾರು ಇರುವುದು ವಿಶೇಷವೇನಲ್ಲ. ಸರ್ವೆಯರ್ ಕೊಟ್ಟ ಮೂಲೆಯ ಬಿಂದುಗಳು ಚಪ್ಪಟೆ ಕಾಗದದ ಚುಕ್ಕೆಗಳಲ್ಲ, ಪ್ರತಿಯೊಂದಕ್ಕೂ ಎತ್ತರ ಇದೆ. ಆಗ್ನೇಯ ಮೂಲೆಗೆ 100 ಅಡಿ ಎಂದು ಲೆವೆಲ್ ಹಿಡಿದಿದ್ದರೆ ಈಶಾನ್ಯ ಮೂಲೆ 103 ಇರಬಹುದು.

ಹಾಗಾದರೆ ಒಮ್ಮೆ ಸರಿಯಾಗಿ 40 ಅಡಿ ಬಂದದ್ದು ಹೇಗೆ? ನೀವು ಆ ಬಿಂದುಗಳ ಮೇಲೆ ಪಾಲಿಲೈನ್ (ಹಲವು ತುಂಡುಗಳು ಕೂಡಿದ ಒಂದೇ ಗೆರೆ) ಹಾಕಿ ಗಡಿ ಬರೆದಿರುತ್ತೀರಿ. ಸಾಮಾನ್ಯ ಪಾಲಿಲೈನಿಗೆ ಇಡಿಯಾಗಿ ಒಂದೇ ಎತ್ತರ ಇರುತ್ತದೆ, ಅದು ಮೊದಲು ಕ್ಲಿಕ್ ಮಾಡಿದ ಬಿಂದುವಿನದು. ಆಗ್ನೇಯದಿಂದ ಶುರು ಮಾಡಿದ್ದರೆ ನಿಮ್ಮ ಗಡಿ ಪೂರ್ತಿ 100 ಅಡಿ ಮಟ್ಟದಲ್ಲಿ ಕೂತಿದೆ. ಈಶಾನ್ಯ ಮೂಲೆಯಲ್ಲಿ ಈಗ ಎರಡು ಬಿಂದುಗಳಿವೆ: 100ರಲ್ಲಿ ನಿಮ್ಮ ಪಾಲಿಲೈನಿನ ತುದಿ, ಅದರ ನೆತ್ತಿಯ ಮೇಲೆ 103ರಲ್ಲಿ ಸರ್ವೆಯರ್ ಬಿಂದು. ಒಂದರ ಮೇಲೊಂದು ಇಟ್ಟ ತಟ್ಟೆಗಳು ಮೇಲಿನಿಂದ ನೋಡಿದವರಿಗೆ ಒಂದೇ ತಟ್ಟೆಯಾಗಿ ಕಾಣುವಂತೆ, ಪ್ಲಾನ್ ನೋಟದಲ್ಲಿ ಇವೆರಡೂ ಒಂದೇ. ಸ್ನ್ಯಾಪ್ (ಹತ್ತಿರದ ಬಿಂದುವಿಗೆ ಕರ್ಸರನ್ನು ಅಂಟಿಸುವ ಸೌಲಭ್ಯ) ಪಾಲಿಲೈನನ್ನು ಹಿಡಿದ ಸಲ 40 ಅಡಿ, ಸರ್ವೆಯರ್ ಬಿಂದುವನ್ನು ಹಿಡಿದ ಸಲ 40 ಅಡಿ 1 3/8 ಇಂಚು. ಲೀನಿಯರ್ ಡೈಮೆನ್ಷನ್ ಮಾತ್ರ ಸದ್ಯದ ಎಕ್ಸ್-ವೈ ಸಮತಲದ ಮೇಲೆ ಬೀಳುವ ನೆರಳನ್ನಷ್ಟೇ ಅಳೆಯುವುದರಿಂದ ಎರಡು ಸಲವೂ 40 ಅಡಿ ಎಂದೇ ಹೇಳುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಡಿಸ್ಟ್‌ನ ಉತ್ತರವನ್ನು ಕೊನೆಯವರೆಗೆ ಓದಿದರೆ ಸಾಕು. ನಾವೆಲ್ಲ ಮೊದಲ ಅಂಕಿ ನೋಡಿ ಕಣ್ಣು ತೆಗೆಯುತ್ತೇವೆ. ಅದರ ಕೆಳಗೆ ಡೆಲ್ಟಾ ಎಕ್ಸ್, ಡೆಲ್ಟಾ ವೈ, ಡೆಲ್ಟಾ ಝಡ್ ಎಂದು ಮೂರು ಅಂತರಗಳನ್ನೂ, ಎಕ್ಸ್-ವೈ ಸಮತಲದಿಂದ ಗೆರೆ ಎಷ್ಟು ಡಿಗ್ರಿ ಮೇಲೆದ್ದಿದೆ ಎಂಬುದನ್ನೂ ಅದು ಬರೆದಿರುತ್ತದೆ. ನಿಮ್ಮ ಗಡಿಯಲ್ಲಿ ಡೆಲ್ಟಾ ಝಡ್ 3 ಅಡಿ, ಕೋನ ಸುಮಾರು 4 ಡಿಗ್ರಿ ಕಾಣಬೇಕು. ಒಂದೊಂದೇ ಬಿಂದುವಿನ ಎತ್ತರ ತಿಳಿಯಬೇಕಾದರೆ ಐಡಿ ಆಜ್ಞೆ ಕೊಟ್ಟು ಮೂಲೆಯ ಮೇಲೆ ಕ್ಲಿಕ್ ಮಾಡಿ. ಮನೆಯ ನಕ್ಷೆಯನ್ನು ಬೇರೆಡೆ ಸೊನ್ನೆ ಮಟ್ಟದಲ್ಲಿ ಬರೆದು ತಂದವರಿಗೆ ಇದೇ ತೊಂದರೆ ಇನ್ನೂ ದೊಡ್ಡದಾಗಿ ಎದುರಾಗುತ್ತದೆ: ಸೊನ್ನೆ ಮಟ್ಟದ ಗೋಡೆಯಿಂದ 100 ಅಡಿ ಮಟ್ಟದ ಗಡಿಗೆ 40 ಅಡಿ ಇರುವಲ್ಲಿ ಡಿಸ್ಟ್ 107 ಅಡಿ 8 7/16 ಇಂಚು ಎನ್ನುತ್ತದೆ. ಅಷ್ಟು ದೊಡ್ಡ ತಪ್ಪು ಬಂದರೆ ಯಾರಾದರೂ ಎಚ್ಚರಾಗುತ್ತಾರೆ. ಒಂದೂವರೆ ಇಂಚಿನೊಳಗಿನ ತಪ್ಪು ಮಾತ್ರ ಪಾಯದವರೆಗೂ ಹೋಗಿಬಿಡುತ್ತದೆ.

ಇವೆರಡರಲ್ಲಿ ಸರಿಯಾದದ್ದು ಯಾವುದು ಎಂದು ನೀವು ಕೇಳಬಹುದು. ಎರಡೂ ಸರಿ. ಒಂದು ಸಮತಲ ದೂರ, ಇನ್ನೊಂದು ಇಳಿಜಾರಿನ ದೂರ. ಟೋಟಲ್ ಸ್ಟೇಷನ್ ಕೂಡ ಇವೆರಡನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತದೆ. ನಿವೇಶನದ ವಿಸ್ತೀರ್ಣಕ್ಕೆ, ಮನೆಯ ನಕ್ಷೆಗೆ, ಬಿಡಬೇಕಾದ ಸೆಟ್‌ಬ್ಯಾಕಿಗೆ ಬೇಕಾದದ್ದು ಸಮತಲ ದೂರ. ಆದರೆ ಸ್ಥಳದಲ್ಲಿ ಮೇಸ್ತ್ರಿ ಟೇಪನ್ನು ನೆಲಕ್ಕೆ ಒರಗಿಸಿಯೇ 40 ಅಡಿ ಎಳೆದು ಗೂಟ ಹೊಡೆದರೆ, ನಿಮ್ಮ ನಕ್ಷೆಯ ಲೆಕ್ಕದಲ್ಲಿ ಆ ಗೂಟ ಸುಮಾರು 1 3/8 ಇಂಚು ಒಳಗೆ ಬೀಳುತ್ತದೆ. ಟೇಪನ್ನು ಮಟ್ಟವಾಗಿ ಹಿಡಿದು ತೂಗುಗುಂಡು ಬಿಟ್ಟು ಗುರುತು ಮಾಡಬೇಕೆಂದು ನಕ್ಷೆಯಲ್ಲೇ ಒಂದು ಸಾಲು ಬರೆಯುವುದು ಒಳ್ಳೆಯದು. ಮಲೆನಾಡಿನ ನಕ್ಷೆಗಳಲ್ಲಿ ಈ ಸಾಲನ್ನು ನಾನು ಬಿಡುವುದಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿವೆ. ಹಗುರವಾದದ್ದು ಓಸ್ನ್ಯಾಪ್‌ಝಡ್ ಎಂಬ ಸಿಸ್ಟಮ್ ವೇರಿಯಬಲ್ಲನ್ನು 1ಕ್ಕೆ ಇಡುವುದು. ಆಗ ಸ್ನ್ಯಾಪ್ ಯಾವ ಎತ್ತರದ ಬಿಂದುವನ್ನು ಹಿಡಿದರೂ ಅದರ ಎತ್ತರವನ್ನು ಬಿಟ್ಟು, ನಿಮ್ಮ ಸದ್ಯದ ಯುಸಿಎಸ್ (ನೀವು ಆರಿಸಿದ ಎಕ್ಸ್-ವೈ-ಝಡ್ ಅಕ್ಷಗಳ ಚೌಕಟ್ಟು) ಮಟ್ಟವನ್ನೇ ತೆಗೆದುಕೊಳ್ಳುತ್ತದೆ. ದಿನದ ಕೆಲಸ ಶುರು ಮಾಡುವಾಗ ಅದು ಇನ್ನೂ 1ರಲ್ಲೇ ಇದೆಯೇ ಎಂದು ನೋಡಿಕೊಳ್ಳಿ. ಇನ್ನೊಂದು ದಾರಿ ಎಕ್ಸ್‌ಪ್ರೆಸ್ ಟೂಲ್ಸ್‌ನ ಫ್ಲ್ಯಾಟನ್, ಇದು ಆಯ್ದ ಎಲ್ಲವನ್ನೂ ಸೊನ್ನೆ ಮಟ್ಟಕ್ಕೆ ತಂದು ಚಪ್ಪಟೆ ಮಾಡುತ್ತದೆ. ಇದನ್ನು ಸರ್ವೆಯರ್ ಕೊಟ್ಟ ಮೂಲ ಫೈಲಿನ ಮೇಲೆ ಯಾವ ಕಾರಣಕ್ಕೂ ಪ್ರಯೋಗಿಸಬೇಡಿ. ಅಲ್ಲಿರುವ ಎತ್ತರಗಳೇ ನಿಮ್ಮ ಪ್ಲಿಂತ್ ಮಟ್ಟಕ್ಕೆ, ಮಣ್ಣು ಕಡಿಯುವ ಲೆಕ್ಕಕ್ಕೆ, ರಿಟೇನಿಂಗ್ ಗೋಡೆಗೆ ಆಧಾರ. ಒಮ್ಮೆ ಚಪ್ಪಟೆಯಾಗಿ ಸೇವ್ ಆದರೆ ಮತ್ತೆ ಬರುವುದಿಲ್ಲ. ಫೈಲಿನ ನಕಲು ಮಾಡಿಕೊಂಡು, ಆ ನಕಲಿನಲ್ಲಿ ಮಾಡಿ.

ಈಗ ಲೇಔಟ್‌ನ 10 ಅಡಿ 1 15/16 ಇಂಚು. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು, ಏಕೆಂದರೆ ಇದರಲ್ಲಿ ಎರಡು ಬದಲಾವಣೆಗಳು ಒಂದರೊಳಗೊಂದು ಸೇರಿಕೊಂಡಿವೆ. ಲೇಔಟ್‌ನಲ್ಲಿ ವ್ಯೂಪೋರ್ಟಿನ (ಹಾಳೆಯಲ್ಲಿ ನಕ್ಷೆ ಕಾಣುವ ಕಿಟಕಿ) ಹೊರಗೆ ನಿಂತು ಅಳೆದರೆ ಡಿಸ್ಟ್ ಸಾಮಾನ್ಯವಾಗಿ ಹೇಳುವುದು ಕಾಗದದ ಮೇಲಿನ ದೂರವನ್ನು, ನೆಲದ ದೂರವನ್ನಲ್ಲ. 40 ಅಡಿ ಎಂದರೆ 12192 ಮಿಲಿಮೀಟರ್. 1:100ರಲ್ಲಿ ಅದು ಕಾಗದದ ಮೇಲೆ 121.92 ಮಿಲಿಮೀಟರ್ ಆಗುತ್ತದೆ. ನಿಮ್ಮ ಹಾಳೆಯ ಅಳತೆ ಮಿಲಿಮೀಟರಿನಲ್ಲಿದೆ, ಫೈಲಿನ ಯೂನಿಟ್ಸ್ ಮಾತ್ರ ಆರ್ಕಿಟೆಕ್ಚರಲ್. ಹಾಗಾಗಿ ತಂತ್ರಾಂಶ 121.92 ಎಂಬ ಬರಿಯ ಅಂಕಿಯನ್ನು ಇಂಚೆಂದು ತಿಳಿದು, 10 ಅಡಿ 1.92 ಇಂಚು ಮಾಡಿ, ಹದಿನಾರರ ಭಾಗಕ್ಕೆ ಹೊಂದಿಸಿ 10 ಅಡಿ 1 15/16 ಇಂಚು ಎಂದು ಬರೆದಿದೆ. ಆಟೊಕ್ಯಾಡ್‌ಗೆ ಒಳಗೆ ಗೊತ್ತಿರುವುದು ಅಂಕಿ ಮಾತ್ರ. ಅಡಿ, ಇಂಚು ಎಂಬುದು ನಾವು ಓದಲೆಂದು ಹಾಕಿದ ವೇಷ. ಲೇಔಟ್‌ನಲ್ಲಿ ಅಳೆಯಲೇಬೇಕಾದರೆ ವ್ಯೂಪೋರ್ಟಿನ ಒಳಗೆ ಡಬಲ್ ಕ್ಲಿಕ್ ಮಾಡಿ ಮಾಡೆಲ್ ಸ್ಪೇಸಿಗೆ (ನಿಜವಾದ ಅಳತೆಯಲ್ಲಿ ನಕ್ಷೆ ಇರುವ ಜಾಗಕ್ಕೆ) ಇಳಿದು ಅಳೆಯಿರಿ. ಮುಗಿದ ಮೇಲೆ ಹೊರಗೆ ಬರುವುದನ್ನೂ ವ್ಯೂಪೋರ್ಟನ್ನು ಲಾಕ್ ಮಾಡುವುದನ್ನೂ ಮರೆಯಬೇಡಿ. ಒಳಗಿರುವಾಗ ಮೌಸಿನ ಚಕ್ರ ಒಂದು ಸಲ ತಿರುಗಿದರೆ ಸ್ಕೇಲ್ ಹೋಯಿತು.

ಪಕ್ಕದ ನಿವೇಶನದ 1201.58 ಚದರಡಿಗೆ ಉಪಕರಣವೂ ಕಾರಣವಲ್ಲ, ಎತ್ತರವೂ ಅಲ್ಲ. ಆ ನಕ್ಷೆಯನ್ನು ಬರೆದವರು 30 ಅಡಿಯನ್ನು 9.15 ಮೀಟರ್, 40 ಅಡಿಯನ್ನು 12.20 ಮೀಟರ್ ಎಂದು ಹಿಡಿದಿದ್ದಾರೆ. ಗುಣಿಸಿದರೆ 111.63 ಚದರ ಮೀಟರ್, ಎಂದರೆ 1201.58 ಚದರಡಿ, ನಿಮ್ಮ ಅಂಕಿಯೇ ಬಂತು. ನಿಜವಾದ 30 ಅಡಿ 9.144 ಮೀಟರ್, 40 ಅಡಿ 12.192 ಮೀಟರ್, ವಿಸ್ತೀರ್ಣ 111.48 ಚದರ ಮೀಟರ್. ಆ ನಕ್ಷೆಯ ಬದಿಗಳನ್ನು ಅಡಿಯಲ್ಲಿ ಅಳೆದು ನೋಡಿ: ಒಂದು 30 ಅಡಿ 1/4 ಇಂಚು, ಇನ್ನೊಂದು 40 ಅಡಿ 5/16 ಇಂಚು ತೋರಿಸಬೇಕು. 1956ರಲ್ಲಿ ತೂಕ-ಅಳತೆಯ ಕಾಯ್ದೆ ಬಂದು ಸರ್ಕಾರಿ ಲೆಕ್ಕವೆಲ್ಲ ಮೀಟರಿಗೆ ತಿರುಗಿದರೂ ನಿವೇಶನ ಕೊಳ್ಳುವವರ ಬಾಯಲ್ಲಿ ಇಂದಿಗೂ ತರ್ಟಿ ಫಾರ್ಟಿಯೇ ಇದೆ. ಈ ಎರಡು ಭಾಷೆಗಳ ನಡುವೆ ಓಡಾಡುವಾಗ ಯಾರೋ ಒಬ್ಬರು ಕೊನೆಯ ಅಂಕಿಯನ್ನು ದುಂಡಾಗಿಸಿರುತ್ತಾರೆ. ಒಂಬತ್ತು ಇಂಚಿನ ಗೋಡೆಯನ್ನು 230 ಮಿಲಿಮೀಟರ್ ಎಂದು ಬರೆಯುವುದೂ ಅಂಥದ್ದೇ, ನಿಜಕ್ಕೆ ಅದು 228.6. ಗೋಡೆಯೊಂದಕ್ಕೆ 1.4 ಮಿಲಿಮೀಟರ್ ದೊಡ್ಡ ವಿಷಯವಲ್ಲ, ಆದರೆ ಕೋಣೆಯ ಒಳ ಅಳತೆ ಏಕೆ ಪೂರ್ತಿ ಅಡಿಗೆ ಕೂರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಅಲ್ಲಿರುತ್ತದೆ. ಇಂಥ ನಕ್ಷೆಯನ್ನು ನೀವಾಗಿ ತಿದ್ದಲು ಹೋಗಬೇಡಿ. ಮಂಜೂರಾದ ಪತ್ರದಲ್ಲಿ ಯಾವ ಅಂಕಿ ಇದೆಯೋ ಅದನ್ನು ಕೇಳಿ ಪಡೆದು, ಅದರಂತೆ ಬರೆಯಿರಿ.

ವಿಸ್ತೀರ್ಣದ ಮಾತು ಬಂದಾಗ ಒಂದು ಸಣ್ಣ ಸಂಗತಿ. ಆರ್ಕಿಟೆಕ್ಚರಲ್ ಯೂನಿಟ್ಸ್ ಇದ್ದಾಗ 30×40ರ ಆಯತಕ್ಕೆ ಏರಿಯಾ ಆಜ್ಞೆ ಮೊದಲು 172800 ಎಂದು ಚದರ ಇಂಚಿನಲ್ಲಿ ಹೇಳಿ, ಆಮೇಲೆ ಆವರಣದಲ್ಲಿ 1200 ಚದರಡಿ ಎನ್ನುತ್ತದೆ. ಮಿಲಿಮೀಟರಿನ ಫೈಲಿನಲ್ಲಿ ಅದೇ ಆಯತ 111483648 ಆಗುತ್ತದೆ. ಹೊಸಬರು ಗಾಬರಿಯಾಗಿ ಕರೆ ಮಾಡುವುದು ಹೆಚ್ಚಾಗಿ ಈ ಉದ್ದನೆಯ ಅಂಕಿ ನೋಡಿಯೇ.

ನಿಮ್ಮ ಮೂರು ದೂರುಗಳಿಗೆ ಉತ್ತರ ಇಷ್ಟು. ಆದರೆ ಡೈಮೆನ್ಷನ್ ಹೇಳಿದ್ದೇ ನಿಜ ಎಂಬ ಧೋರಣೆ ನಿಮ್ಮ ಪತ್ರದಲ್ಲಿ ಕಂಡಿತು, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಡೈಮೆನ್ಷನ್ ಎಂಬುದು ಅಳತೆಯಾಗಿಯೇ ಇರಬೇಕೆಂದಿಲ್ಲ, ಅದು ಯಾರೋ ಕೈಯಿಂದ ಬರೆದ ಅಕ್ಷರವೂ ಆಗಿರಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಅಡುಗೆಮನೆಯ ಅಗಲ 8 ಅಡಿ 6 ಇಂಚು ಇದ್ದದ್ದನ್ನು 9 ಅಡಿ ಮಾಡಿ ಎಂದು ಸಂಜೆ ಹೊತ್ತಿಗೆ ಹೇಳಿದರು. ಗೋಡೆ ಸರಿಸಿದರೆ ಪಕ್ಕದ ಕೋಣೆ, ಬಾಗಿಲು, ಕಿಟಕಿ ಎಲ್ಲ ಸರಿಸಬೇಕು. ನಾಳೆ ಮಾಡಿದರಾಯಿತೆಂದು ಡೈಮೆನ್ಷನ್ನಿನ ಮೇಲೆ ಡಬಲ್ ಕ್ಲಿಕ್ ಮಾಡಿ 9 ಅಡಿ ಎಂದು ಬರೆದು ಪ್ರಿಂಟ್ ಕೊಟ್ಟೆ. ಆ ನಾಳೆ ಬರಲಿಲ್ಲ. ಗೋಡೆ ಗುರುತನ್ನು ಬೇರೆ ಹಾಳೆಯಿಂದ ಹಾಕಿದರು, ಗ್ರಾನೈಟಿನವರು ನನ್ನ ಹಾಳೆ ನೋಡಿ 9 ಅಡಿಯ ಹಲಗೆ ಕೊಯ್ದು ತಂದರು, ಅದು ಬಾಗಿಲಲ್ಲೇ ನಿಂತಿತು. ಅರ್ಧ ಅಡಿ ಕಲ್ಲನ್ನು ಅಲ್ಲೇ ಕೊಯ್ಯುವಾಗ ಎದ್ದ ದೂಳು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹೀಗೆ ಕೈಬರಹದ ಡೈಮೆನ್ಷನ್ ಹೌದೋ ಅಲ್ಲವೋ ತಿಳಿಯಲು ಅದನ್ನು ಆರಿಸಿ ಪ್ರಾಪರ್ಟೀಸ್ ತೆರೆಯಿರಿ. ಅಲ್ಲಿ ಟೆಕ್ಸ್ಟ್ ಓವರ್‌ರೈಡ್ ಎಂಬ ಸಾಲು ಖಾಲಿ ಇರಬೇಕು. ಏನಾದರೂ ಬರೆದಿದ್ದರೆ ಅದನ್ನು ಅಳಿಸಿದಾಗ ನಿಜವಾದ ಅಳತೆ ಹೊರಬರುತ್ತದೆ. ಹಳೆಯ ಫೈಲಿನ ಎಲ್ಲ ಡೈಮೆನ್ಷನ್‌ಗಳನ್ನೂ ಒಟ್ಟಿಗೆ ಸರಿಪಡಿಸಲು ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಡಿಮ್‌ರೀಅಸಾಕ್ ಇದೆ. ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವ ಡಿಮ್‌ರೀಅಸೋಸಿಯೇಟ್ ಬೇರೆ ಕೆಲಸದ್ದು: ಬಿಡಿಯಾಗಿ ಬಿದ್ದಿರುವ ಡೈಮೆನ್ಷನ್ನನ್ನು ಮತ್ತೆ ಗೆರೆಗೆ ಕಟ್ಟುವುದು. ಇವೆರಡನ್ನು ಅದಲುಬದಲು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ.

ಡೈಮೆನ್ಷನ್ ಸ್ಟೈಲಿನಲ್ಲಿ ಅಡಗಿರುವ ಇನ್ನೊಂದು ಕಾರಣ ಡಿಮ್‌ಎಲ್‌ಫ್ಯಾಕ್, ಎಂದರೆ ಅಳೆದ ಉದ್ದವನ್ನು ಯಾವ ಸಂಖ್ಯೆಯಿಂದ ಗುಣಿಸಿ ಬರೆಯಬೇಕು ಎಂಬ ಅಂಕಿ. ಮೆಟ್ಟಿಲಿನ ಒಂದು ಭಾಗವನ್ನು ಎರಡು ಪಟ್ಟು ಹಿಗ್ಗಿಸಿ ವಿವರವಾಗಿ ಬರೆದವರು, ಡೈಮೆನ್ಷನ್ ಸರಿ ಕಾಣಲೆಂದು ಅಲ್ಲಿ 0.5 ಇಟ್ಟಿರುತ್ತಾರೆ. ಆ ಸ್ಟೈಲ್ ಕಾಪಿಯಾಗಿ ಮುಖ್ಯ ನಕ್ಷೆಗೆ ಬಂದರೆ 40 ಅಡಿಯ ಗಡಿ 20 ಅಡಿಯಾಗಿ ಕೂರುತ್ತದೆ. ಡಿಸ್ಟ್ ಸರಿ ಹೇಳುತ್ತಿದ್ದು ಎಲ್ಲ ಡೈಮೆನ್ಷನ್‌ಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೊದಲು ಇದನ್ನು ನೋಡಿ, ಸಾಮಾನ್ಯ ನಕ್ಷೆಯಲ್ಲಿ ಅದು 1 ಇರಬೇಕು.

ದುಂಡಾಗಿಸುವಿಕೆಯ ತೊಂದರೆ ಇನ್ನೂ ಸೂಕ್ಷ್ಮ. ನಿಖರತೆಯನ್ನು ಪೂರ್ಣ ಇಂಚಿಗೆ ಇಟ್ಟಿದ್ದೀರೆಂದುಕೊಳ್ಳಿ. ಸಾಲಾಗಿ ಮೂರು ಕೋಣೆ, ಪ್ರತಿಯೊಂದೂ 10 ಅಡಿ 3/8 ಇಂಚು. ಮೂರರ ಮೇಲೂ 10 ಅಡಿ ಎಂದೇ ಕಾಣುತ್ತದೆ, ಒಟ್ಟು ಅಳತೆ ಮಾತ್ರ 30 ಅಡಿ 1 ಇಂಚು ಎನ್ನುತ್ತದೆ. ನಕ್ಷೆ ನೋಡಿದ ಮನೆಯ ಯಜಮಾನರು ಮೂರು ಹತ್ತು ಮೂವತ್ತಲ್ಲವೇ ಎಂದು ಕೇಳುತ್ತಾರೆ, ಅವರು ಕೇಳುವುದರಲ್ಲಿ ತಪ್ಪಿಲ್ಲ. ಡಿಸ್ಟ್‌ಗೆ ಈ ನಿಖರತೆಯನ್ನು ಯೂನಿಟ್ಸ್‌ನಲ್ಲಿ ಇಡಬೇಕು, ಡೈಮೆನ್ಷನ್‌ಗೆ ಅದರ ಸ್ಟೈಲಿನಲ್ಲಿ. ಎರಡೂ ಬೇರೆ ಬೇರೆ ಇರುವುದರಿಂದಲೇ ಒಂದೇ ಗೆರೆಗೆ ಎರಡು ಉತ್ತರ ಬರುತ್ತದೆ. ಅನುಮಾನ ಬಂದಾಗ ಯೂನಿಟ್ಸ್ ಅನ್ನು ತಾತ್ಕಾಲಿಕವಾಗಿ ಡೆಸಿಮಲ್‌ಗೆ ತಿರುಗಿಸಿ, ನಿಖರತೆಯನ್ನು ಎಂಟು ದಶಾಂಶದವರೆಗೆ ಹೆಚ್ಚಿಸಿ ಅಳೆಯಿರಿ. 480.00000000 ಬಂದರೆ ಅದು 40 ಅಡಿ, 479.98 ಬಂದರೆ ಅದು ಯಾರೋ ಸ್ನ್ಯಾಪ್ ಇಲ್ಲದೆ ಕಣ್ಣಂದಾಜಿನಲ್ಲಿ ಎಳೆದ ಗೆರೆ.

ಬೇರೆಯವರ ಬ್ಲಾಕನ್ನೋ ಫೈಲನ್ನೋ ತಂದು ಸೇರಿಸಿದಾಗ ಎಲ್ಲವೂ ವಿಪರೀತ ದೊಡ್ಡದಾಗಿ ಅಥವಾ ಸೊಳ್ಳೆಯಷ್ಟು ಚಿಕ್ಕದಾಗಿ ಬಂದರೆ, ಬಂದ ಉದ್ದ, ಬರಬೇಕಾದ ಉದ್ದ ಎರಡರಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಬರುವ ಅಂಕಿಯೇ ಕಳ್ಳನ ಹೆಸರು ಹೇಳುತ್ತದೆ. 25.4 ಬಂದರೆ ಇಂಚು ಮತ್ತು ಮಿಲಿಮೀಟರ್ ಅದಲುಬದಲಾಗಿವೆ, 304.8 ಬಂದರೆ ಅಡಿ ಮತ್ತು ಮಿಲಿಮೀಟರ್, 39.37 ಬಂದರೆ ಮೀಟರ್ ಮತ್ತು ಇಂಚು, ಬರಿಯ 12 ಬಂದರೆ ಅಡಿಯನ್ನೇ ಒಂದು ಯೂನಿಟ್ ಎಂದು ಹಿಡಿದು ಬರೆದಿದ್ದಾರೆ. ಹಳೆಯ ಸರ್ವೆ ಟಿಪ್ಪಣಿಯಿಂದ ಜಮೀನಿನ ನಕ್ಷೆ ಎಬ್ಬಿಸುವಾಗ ಸರಿಯಾಗಿ ಎರಡು ಪಟ್ಟು ವ್ಯತ್ಯಾಸ ಬಂದರೆ ಸರಪಳಿಯನ್ನು ಅನುಮಾನಿಸಿ. ನಮ್ಮ ಟಿಪ್ಪಣಿಗಳ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ, ಸರಪಳಿಗೆ ಸರಪಳಿ ಗುಣಿಸಿದರೆ ಒಂದು ಗುಂಟೆ, ಎಂದರೆ 1089 ಚದರಡಿ. ಎಂಜಿನಿಯರಿಂಗ್ ಪುಸ್ತಕದಲ್ಲಿ ಓದಿದ ಗಂಟರ್ ಸರಪಳಿ 66 ಅಡಿಯದು. ಅದನ್ನು ಹಿಡಿದರೆ ಉದ್ದ ಎರಡು ಪಟ್ಟು, ಗುಂಟೆ ನಾಲ್ಕು ಪಟ್ಟು! ಇಂಥ ಗೊಂದಲ ಮುಂದೆ ಬಾರದಿರಲು ಇನ್‌ಸ್‌ಯೂನಿಟ್ಸ್ ಎಂಬ ವೇರಿಯಬಲ್ಲಿನಲ್ಲಿ ಫೈಲಿನ ಯೂನಿಟ್ಟನ್ನು ಘೋಷಿಸಿಡಿ: 1 ಎಂದರೆ ಇಂಚು, 2 ಅಡಿ, 4 ಮಿಲಿಮೀಟರ್, 6 ಮೀಟರ್. ಅದು 0 ಇದ್ದರೆ ಯೂನಿಟ್ ಇಲ್ಲದ ಫೈಲ್. ಸೇರಿಸುವಾಗ ಎಷ್ಟು ಪಟ್ಟು ಮಾಡಬೇಕೆಂದು ತಂತ್ರಾಂಶ ಊಹಿಸಬೇಕಾಗುತ್ತದೆ. ಮೆಷರ್‌ಮೆಂಟ್ ಎಂಬ ಹೆಸರಿನ ವೇರಿಯಬಲ್ ಒಂದಿದೆ, ಹೆಸರು ನೋಡಿ ಮೋಸಹೋಗಬೇಡಿ. ಹ್ಯಾಚ್, ಗೆರೆಯ ನಮೂನೆಗಳನ್ನು ಯಾವ ಪದ್ಧತಿಯಿಂದ ತೆಗೆದುಕೊಳ್ಳಬೇಕೆಂಬುದಷ್ಟೇ ಅದರ ಕೆಲಸ, ಅಳತೆಗೂ ಅದಕ್ಕೂ ಸಂಬಂಧವಿಲ್ಲ.

ಸ್ಕ್ಯಾನ್ ಮಾಡಿದ ಪಿಡಿಎಫ್ ಮೇಲೆ ಬರೆಯುವವರು ಒಂದು ಬದಿಯ ಉದ್ದ ಕೊಟ್ಟು ಸ್ಕೇಲ್ ಮಾಡಿ ಸುಮ್ಮನಾಗುತ್ತಾರೆ. ಸ್ಕ್ಯಾನರ್ ಉದ್ದಕ್ಕೂ ಅಗಲಕ್ಕೂ ಒಂದೇ ಪ್ರಮಾಣ ಇಟ್ಟಿದೆ ಎಂಬ ಖಾತರಿ ಇಲ್ಲ, ಮಡಚಿಟ್ಟ ಹಳೆಯ ಕಾಗದವಾದರೆ ಕೇಳುವುದೇ ಬೇಡ. ಅಡ್ಡ ದಿಕ್ಕಿನ ಇನ್ನೊಂದು ಗೊತ್ತಿರುವ ಉದ್ದವನ್ನು ಅಳೆದು ತಾಳೆ ನೋಡಿ.

ಎಲ್ಲ ಕಡೆ ಒಂದೇ ಸಮನಾಗಿ 12 ಅಥವಾ 15 ಮಿಲಿಮೀಟರ್ ಹೆಚ್ಚೋ ಕಡಿಮೆಯೋ ಬರುತ್ತಿದ್ದರೆ, ಸ್ನ್ಯಾಪ್ ಗೋಡೆಯ ಗೆರೆಯನ್ನು ಬಿಟ್ಟು ಪ್ಲಾಸ್ಟರಿನ ಗೆರೆಯನ್ನು ಹಿಡಿಯುತ್ತಿದೆ. ಇಡೀ ಮನೆ ಪರದೆಯಲ್ಲಿ ಕಾಣುವಷ್ಟು ದೂರದಿಂದ ನೋಡುವಾಗ ಇವೆರಡೂ ಒಂದೇ ಪಿಕ್ಸೆಲ್ಲಿನಲ್ಲಿ ಕೂತಿರುತ್ತವೆ. ಪ್ಲಾಸ್ಟರಿನ ಲೇಯರನ್ನು ಮುಚ್ಚಿ, ಇಲ್ಲವೇ ಹತ್ತಿರ ಜೂಮ್ ಮಾಡಿ, ಇಲ್ಲವೇ ಸ್ನ್ಯಾಪ್ ಗುರುತು ಬಂದಾಗ ಟ್ಯಾಬ್ ಕೀ ಒತ್ತುತ್ತಾ ಬೇಕಾದ ಬಿಂದು ಬರುವವರೆಗೆ ಬದಲಿಸಿ. ನಿಯರೆಸ್ಟ್ ಎಂಬ ಸ್ನ್ಯಾಪ್ ಅನ್ನು ಸದಾ ಹಚ್ಚಿಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಅದು ಗೆರೆಯ ಮೇಲಿನ ಯಾವುದೋ ಒಂದು ಬಿಂದುವನ್ನು ಹಿಡಿದು, ಮೂಲೆ ಹಿಡಿದಂತೆ ನಟಿಸುತ್ತದೆ.

ನಿಮ್ಮ ಸರ್ವೆಯರ್ ಮುಂದೆ ಟೋಟಲ್ ಸ್ಟೇಷನ್ ಬದಲು ಉಪಗ್ರಹ ಆಧಾರಿತ ರೋವರ್‌ನಿಂದ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿ) ನಿರ್ದೇಶಾಂಕಗಳನ್ನು ಕೊಟ್ಟರೆ ಇನ್ನೊಂದು ವ್ಯತ್ಯಾಸ ಎದುರಾಗುತ್ತದೆ. ಕರ್ನಾಟಕದ ಹೆಚ್ಚಿನ ಭಾಗ ಯುಟಿಎಂನ 43ನೆಯ ವಲಯದಲ್ಲಿದೆ, ಅದರ ಮಧ್ಯರೇಖೆ 75 ಡಿಗ್ರಿ ಪೂರ್ವ ರೇಖಾಂಶ. ದುಂಡಗಿನ ಭೂಮಿಯನ್ನು ಚಪ್ಪಟೆಯಾಗಿ ಹಾಸುವಾಗ ಮಧ್ಯರೇಖೆಯ ಮೇಲೆ ಪ್ರತಿ ದೂರವನ್ನೂ 0.9996ರಿಂದ ಗುಣಿಸುತ್ತಾರೆ, ಅಲ್ಲಿಂದ ದೂರ ಹೋದಂತೆ ಈ ಅಂಕಿ ಹೆಚ್ಚುತ್ತದೆ. ಜೊತೆಗೆ ಸಮುದ್ರಮಟ್ಟದಿಂದ ನಾವಿರುವ ಎತ್ತರದ ಲೆಕ್ಕವನ್ನೂ ಸೇರಿಸಿದರೆ, ಧಾರವಾಡದಲ್ಲಿ ಟೇಪಿನಿಂದ ಅಳೆದ 100 ಮೀಟರ್ ನಕ್ಷೆಯಲ್ಲಿ ಸುಮಾರು 5 ಸೆಂಟಿಮೀಟರ್ ಕಡಿಮೆ ತೋರುತ್ತದೆ, ಬೆಂಗಳೂರಿನಲ್ಲಿ ಸುಮಾರು 4 ಸೆಂಟಿಮೀಟರ್ ಹೆಚ್ಚು ತೋರುತ್ತದೆ. ನಿಮ್ಮ ಸಕಲೇಶಪುರ ಮಧ್ಯರೇಖೆಗೆ ಹತ್ತಿರವಿರುವುದರಿಂದ ಅಲ್ಲೂ ಕಡಿಮೆಯೇ. ನಿವೇಶನದ 40 ಅಡಿಗೆ ಅದು ಕಾಲಿಂಚೂ ಆಗುವುದಿಲ್ಲ, ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಕಿಲೋಮೀಟರ್ ಉದ್ದದ ಕಾಫಿ ತೋಟದ ಬೇಲಿಯಾದರೆ ಸುಮಾರು 45 ಸೆಂಟಿಮೀಟರ್ ಆಗುತ್ತದೆ, ಅಷ್ಟಕ್ಕೆ ಅಕ್ಕಪಕ್ಕದವರು ಜಗಳವಾಡುತ್ತಾರೆ.

ಯುಟಿಎಂ ಅಂಕಿಗಳು ದೊಡ್ಡವು ಎಂಬುದೂ ಒಂದು ತೊಡಕು. ನಿಮ್ಮೂರಿನಲ್ಲಿ ಉತ್ತರದ ಅಂಕಿ ಸುಮಾರು 14.3 ಲಕ್ಷ ಮೀಟರ್, ಮಿಲಿಮೀಟರಿನಲ್ಲಿ ಬರೆದರೆ 143 ಕೋಟಿ. ಫೈಲಿನಲ್ಲಿ ಅಂಕಿ 64 ಬಿಟ್‌ಗಳಲ್ಲಿ ಉಳಿಯುವುದರಿಂದ ಡಿಸ್ಟ್‌ನ ಉತ್ತರಕ್ಕೆ ಧಕ್ಕೆಯಿಲ್ಲ. ಆದರೆ ಪರದೆಗೆ ಚಿತ್ರ ಮೂಡಿಸುವ ಹಂತದಲ್ಲಿ ಎಲ್ಲಾದರೂ 32 ಬಿಟ್‌ಗೆ ಇಳಿದರೆ, ಅಷ್ಟು ದೊಡ್ಡ ಅಂಕಿಯಲ್ಲಿ ಪಕ್ಕಪಕ್ಕದ ಎರಡು ಬೆಲೆಗಳ ನಡುವಿನ ಅಂತರವೇ 128 ಮಿಲಿಮೀಟರ್ ಆಗಿಬಿಡುತ್ತದೆ. ಗೆರೆ ನಡುಗುವುದು, ವೃತ್ತ ಸೊಟ್ಟಗಾಗುವುದು, ಹ್ಯಾಚ್ ಆಚೆ ಬೀಳುವುದು ಇದರ ಲಕ್ಷಣ. ಹಾಗೆಂದು ಸರ್ವೆ ಫೈಲನ್ನು ಎಳೆದು ಸೊನ್ನೆಗೆ ತರಬೇಡಿ, ಮರಳಿ ಕೂರಿಸಲಾಗುವುದಿಲ್ಲ. ಮನೆಯನ್ನು ಸೊನ್ನೆಯ ಹತ್ತಿರ ಬೇರೆ ಫೈಲಿನಲ್ಲಿ ಬರೆದು, ಅದನ್ನು ಸರ್ವೆ ಫೈಲಿಗೆ ಎಕ್ಸ್‌ರೆಫ್ ಆಗಿ, ಎಂದರೆ ಮೂಲ ಫೈಲಿಗೆ ಕೊಂಡಿಯಿಟ್ಟ ಉಲ್ಲೇಖವಾಗಿ, ಜೋಡಿಸಿ.

ಮೂರು ಆಯಾಮದ ಚಿತ್ರಕ್ಕೆ ಸ್ಕೆಚ್‌ಅಪ್ ಬಳಸುವವರಿಗೆ ಒಂದು ಮಾತು. ಅಲ್ಲಿ ವೃತ್ತ ನಿಜವಾದ ವೃತ್ತವಲ್ಲ, ಸಾಮಾನ್ಯವಾಗಿ 24 ಬದಿಗಳ ಬಹುಭುಜ. 10 ಅಡಿ ವ್ಯಾಸದ ನೀರಿನ ಸಂಪನ್ನು ಎದುರುಬದುರು ಬದಿಗಳ ನಡುವೆ ಅಳೆದರೆ 9 ಅಡಿ 11 ಇಂಚು ಬರುತ್ತದೆ, ತಳದ ವಿಸ್ತೀರ್ಣ 78.54 ಚದರಡಿಯ ಬದಲು 77.65 ಆಗುತ್ತದೆ. ಅಂಕಿಯ ಮುಂದೆ ಅಲೆಯಂಥ ಒಂದು ಗುರುತು ಕಂಡರೆ, ಇದು ದುಂಡಾಗಿಸಿದ ಅಂಕಿ ಎಂದು ಆ ತಂತ್ರಾಂಶ ತಾನಾಗಿಯೇ ಒಪ್ಪಿಕೊಳ್ಳುತ್ತಿದೆ ಎಂದರ್ಥ. ಆಟೊಕ್ಯಾಡ್‌ನಲ್ಲೂ ವೃತ್ತ ಕೆಲವೊಮ್ಮೆ ಮೂಲೆಮೂಲೆಯಾಗಿ ಕಾಣುತ್ತದೆ, ಆದರೆ ಅದು ಪರದೆಯ ಚಿತ್ರ ಮಾತ್ರ. ರೀಜೆನ್ ಕೊಟ್ಟರೆ ಸರಿಹೋಗುತ್ತದೆ, ಅಳತೆಗೆ ಏನೂ ಆಗಿರುವುದಿಲ್ಲ.

ಇಷ್ಟೆಲ್ಲ ನೋಡಿಯೂ ಖಾಲಿ ಫೈಲಿನ ಕರ್ಣ 50 ಅಡಿ ಬಂದು, ನಿಮ್ಮ ಫೈಲಿನಲ್ಲಿ ಮಾತ್ರ ಅರ್ಥವಾಗದ ಅಂಕಿಗಳು ಬರುತ್ತಿದ್ದರೆ ಆಡಿಟ್ ಕೊಟ್ಟು ದೋಷ ತಿದ್ದಿಸಿ. ಆಮೇಲೂ ಸರಿಹೋಗದಿದ್ದರೆ ನಕ್ಷೆಯ ವಸ್ತುಗಳನ್ನು ಹೊಸ ಫೈಲಿಗೆ ಸಾಗಿಸಿ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಬೇಕಾದದ್ದು ಖಾಲಿ ಫೈಲಿನಲ್ಲೂ 50 ಬಾರದಿದ್ದಾಗ ಮಾತ್ರ. ಇಷ್ಟು ವರ್ಷಗಳಲ್ಲಿ ನನಗೆ ಅದು ಒಮ್ಮೆಯೂ ಎದುರಾಗಿಲ್ಲ.

ಸದ್ಯ ನೀವು ಮಾಡಬೇಕಾದದ್ದು ಒಂದು ಕರೆ. ಫೈಲಿನ ಯೂನಿಟ್ ಮೀಟರೋ ಅಡಿಯೋ, ಎತ್ತರಗಳಿಗೆ ಆಧಾರವಾಗಿ ಯಾವ ಬಿಂದುವಿಗೆ ಎಷ್ಟು ಲೆವೆಲ್ ಹಿಡಿದಿದ್ದಾರೆ, ಈಶಾನ್ಯ ಮೂಲೆಯ ಲೆವೆಲ್ ಎಷ್ಟು ಎಂದು ಸರ್ವೆಯರನ್ನು ಕೇಳಿ ಬರೆದುಕೊಳ್ಳಿ. ಎರಡು ಮೂಲೆಗಳ ಲೆವೆಲ್‌ಗಳ ನಡುವೆ 3 ಅಡಿ ವ್ಯತ್ಯಾಸವಿದ್ದರೆ ನಿಮ್ಮ 1 3/8 ಇಂಚಿನ ಲೆಕ್ಕ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಡಿಸ್ಟ್‌ನ ಮೂರೂ ಡೆಲ್ಟಾ ಅಂಕಿಗಳನ್ನು ಬರೆದು ಕಳಿಸಿ, ನೋಡೋಣ.